ಇಡ್ಲಿ ಪೆಟ್ಟಿಗೆಯಿಂದ ಆಪರೇಷನ್ ಥಿಯೇಟರ್‌ವರೆಗೆ: ಉಗಿಯ ಹಿಂದೆ ಹೋದ ನನ್ನ ದಾರಿ

ಮುಂಬೈನ ಮಾಟುಂಗಾ. ಬೆಳಗಿನ ಜಾವ ಐದು ಗಂಟೆ. ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ನಿಂತಿದ್ದೆ. ಎದುರಿಗೆ ಆಳೆತ್ತರದ ಸ್ಟೀಲ್ ಪೆಟ್ಟಿಗೆ. ಒಳಗೆ ಸಾಲಾಗಿ ಇಡ್ಲಿ ತಟ್ಟೆಗಳು. ಹಿಂದಿನ ಕೋಣೆಯ ಚಿಕ್ಕ ಬಾಯ್ಲರ್‌ನಿಂದ ಪೈಪಿನಲ್ಲಿ ಉಗಿ ಬಂದು ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಳಗೆ ಇಳಿಯುತ್ತದೆ. ಮೇಲಿನ ತಟ್ಟೆಗಳ ಇಡ್ಲಿ ಮಲ್ಲಿಗೆ ಹಾಗೆ ಅರಳಿತ್ತು. ಕೆಳಗಿನ ಮೂರು ತಟ್ಟೆಗಳಲ್ಲಿ ಮಾತ್ರ ಇಡ್ಲಿಯ ನಡುವೆ ಹಸಿ ಹಿಟ್ಟು.

"ಬಾಯ್ಲರ್ ಸಣ್ಣದಾಯ್ತು ಕಾಣ್ತದೆ ಮಾರಾಯ್ರೆ. ದೊಡ್ಡದು ಹಾಕಿಸುವ ಅಂತ ಇದ್ದೇನೆ. ನೀವು ಒಮ್ಮೆ ನೋಡಿ ಹೇಳಿ" ಅಂದರು ಯಜಮಾನರು. ಅಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ನಿನ ಒಂದು ಕಾರ್ಯಕ್ರಮದಲ್ಲಿ ಸಿಕ್ಕಿದ್ದ ಗೆಳೆಯರೊಬ್ಬರು ನನ್ನನ್ನು ಅಲ್ಲಿಗೆ ಕಳಿಸಿದ್ದರು. ನಾನು ಪುಣೆಯಲ್ಲಿ ಉಗಿಯ ಕೆಲಸ ಮಾಡುವವನು. ಅಂದರೆ ಕಾರ್ಖಾನೆಗಳಲ್ಲಿ ಬಾಯ್ಲರ್‌ನಿಂದ ಹೊರಟ ಉಗಿ ಎಲ್ಲಿ ಹೋಗುತ್ತದೆ, ಎಲ್ಲಿ ದಂಡವಾಗುತ್ತದೆ, ಎಲ್ಲಿ ಕೆಲಸ ಕೆಡಿಸುತ್ತದೆ ಅಂತ ಹುಡುಕುವುದು ನನ್ನ ಉದ್ಯೋಗ.

ಬಾಯ್ಲರ್ ಸರಿಯಾಗಿಯೇ ಇತ್ತು. ಪೆಟ್ಟಿಗೆಯ ತಳದಲ್ಲಿ ಬೆರಳು ಗಾತ್ರದ ಒಂದು ತೂತು ಇರುತ್ತದೆ. ನೀರು ಹೊರಗೆ ಹೋಗಲಿ ಅಂತ ಇಟ್ಟದ್ದು ಅಂತ ಎಲ್ಲರೂ ತಿಳಿದಿದ್ದರು. ಅದಕ್ಕೆ ಹಿಟ್ಟು ಮೆತ್ತಿ, ಒಣಗಿ, ಗಟ್ಟಿಯಾಗಿ ಮುಚ್ಚಿಹೋಗಿತ್ತು. ಆ ತೂತಿಗೆ ಇನ್ನೊಂದು ಕೆಲಸವೂ ಇದೆ. ಪೆಟ್ಟಿಗೆ ಮುಚ್ಚಿದಾಗ ಒಳಗೆ ತುಂಬಿರುವುದು ಗಾಳಿ. ಅಷ್ಟೇ ಬಿಸಿಯ ಉಗಿಗಿಂತ ಗಾಳಿ ಭಾರ. ಉಗಿ ಮೇಲಿನಿಂದ ತುಂಬುತ್ತಾ ಬಂದಂತೆ ಗಾಳಿಯನ್ನು ಕೆಳಕ್ಕೆ ಒತ್ತುತ್ತದೆ. ಗಾಳಿ ಆ ತೂತಿನಿಂದಲೇ ಹೊರಗೆ ಹೋಗಬೇಕು. ತೂತು ಕಟ್ಟಿದರೆ ಗಾಳಿ ತಳದಲ್ಲಿ ಕೂತುಬಿಡುತ್ತದೆ. ಅದರೊಳಗೆ ಮುಳುಗಿದ ಮೂರು ತಟ್ಟೆಗಳಿಗೆ ಉಗಿ ಮುಟ್ಟುವುದೇ ಇಲ್ಲ.

ಒಂದು ಕಡ್ಡಿ ತಗೊಂಡು ತೂತು ಬಿಡಿಸಿದೆವು. ಮುಂದಿನ ಒಬ್ಬೆಯಲ್ಲಿ ಕೆಳಗಿನ ಇಡ್ಲಿಯೂ ಬೆಂದಿತ್ತು. ಆಮೇಲೆ ಆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ದಿನಾ ರಾತ್ರಿ ಬ್ರಷ್ ಹಾಕಿ ತೊಳೆಯಬೇಕು ಅಂತ ಬರೆದು ಗೋಡೆಗೆ ಅಂಟಿಸಿ ಬಂದೆ. ಹೊಸ ಬಾಯ್ಲರ್ ತರಿಸಲಿಲ್ಲ. ಈ ಇಡ್ಲಿ ಪೆಟ್ಟಿಗೆಯನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಮೇಲೆ ಒಂದು ಆಸ್ಪತ್ರೆಯಲ್ಲಿ ನನ್ನ ಕೈಹಿಡಿದದ್ದು ಇದೇ ಪೆಟ್ಟಿಗೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನು ಹುಬ್ಬಳ್ಳಿಯವನು. ಅಜ್ಜ ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು, ಉಗಿಬಂಡಿಯ ಕಾಲದವರು. ಮನೆಯಲ್ಲಿ ಅನ್ನದ ಪಾತ್ರೆಯಿಂದ ಬಿಳಿ ಹೊಗೆ ಏಳುವಾಗ ನನಗೆ ತೋರಿಸಿ, "ಅದು ಉಗಿ ಅಲ್ಲೋ ತಮ್ಮಾ. ಉಗಿ ಕಣ್ಣಿಗೆ ಕಾಣಂಗಿಲ್ಲ. ನಿನಗ ಕಾಣಾಕತ್ತಿದ್ದು ಬರೇ ನೀರು" ಅನ್ನುತ್ತಿದ್ದರು. ಸಣ್ಣವನಿದ್ದಾಗ ನಂಬಿರಲಿಲ್ಲ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವಾಗ ಸ್ಟೀಮ್ ಟೇಬಲ್ ಕೈಗೆ ಬಂತು. ಅಂಕಿಗಳೇ ತುಂಬಿದ ಪುಸ್ತಕ. ಅದರಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1 ಕಿಲೋ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 100 ಕಿಲೋಕ್ಯಾಲರಿ ಸಾಕು. ಅದೇ 100 ಡಿಗ್ರಿಯ ನೀರನ್ನು 100 ಡಿಗ್ರಿಯ ಉಗಿ ಮಾಡಲು ಇನ್ನೂ 540 ಬೇಕು. ಥರ್ಮಾಮೀಟರ್ ಒಂದು ಗೆರೆಯೂ ಮೇಲೆ ಹೋಗುವುದಿಲ್ಲ, ಆದರೆ ಐದು ಪಟ್ಟು ಶಾಖ ಒಳಗೆ ಅಡಗಿ ಕೂತಿರುತ್ತದೆ. ಉಗಿ ತಣ್ಣನೆಯ ಯಾವುದಾದರೂ ವಸ್ತು ಮುಟ್ಟಿದ ಕೂಡಲೇ ನೀರಾಗಿ, ಅಷ್ಟನ್ನೂ ಅದಕ್ಕೆ ಕೊಟ್ಟುಬಿಡುತ್ತದೆ. ಇಡ್ಲಿ ಬೇಯುವುದು, ಬಟ್ಟೆಗೆ ಬಣ್ಣ ಹಿಡಿಯುವುದು, ಟೈರು ಗಟ್ಟಿಯಾಗುವುದು, ಕಬ್ಬಿನ ಹಾಲು ಸಕ್ಕರೆಯಾಗುವುದು ಎಲ್ಲವೂ ಆ 540ರಿಂದ.

ಓದು ಮುಗಿಸಿ ಪುಣೆಗೆ ಬಂದೆ. ಉಗಿಯ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಬಾಯ್ಲರ್ ಮಾಡುವ ಥರ್ಮ್ಯಾಕ್ಸ್, ಸ್ಟೀಮ್ ಟ್ರ್ಯಾಪ್, ವಾಲ್ವ್ ಮಾಡುವ ಫೋರ್ಬ್ಸ್ ಮಾರ್ಷಲ್ ಎರಡೂ ಇಲ್ಲಿಯವೇ. ನಾನು ಸೇರಿದ್ದು ಭೋಸರಿಯ ಒಂದು ಸಣ್ಣ ಕಂಪನಿ. ಎಂಟು ಜನ, ಎರಡು ಸ್ಕೂಟರ್, ಒಂದು ಟೂಲ್ ಪೆಟ್ಟಿಗೆ.

ಮೊದಲ ವರ್ಷದ ಒಂದು ಸೋಮವಾರ ಇವತ್ತಿಗೂ ಮರೆತಿಲ್ಲ. ಒಂದು ಬಟ್ಟೆ ಕಾರ್ಖಾನೆ. ಭಾನುವಾರ ರಜೆ ಇದ್ದದ್ದರಿಂದ ಉಗಿಯ ಪೈಪ್ ಲೈನ್ ತಣ್ಣಗಾಗಿತ್ತು. ಬಾಯ್ಲರ್ ಪ್ರೆಶರ್ ಏರಿತ್ತು. ಕೆಲಸ ಬೇಗ ಶುರುವಾಗಲಿ ಅಂತ ನಾನೇ ಹೋಗಿ ಮೇನ್ ವಾಲ್ವನ್ನು ಒಂದೇ ಸಲಕ್ಕೆ ತಿರುಗಿಸಿದೆ. ಪೈಪಿನೊಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಶಬ್ದ ಬಂತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಪೈಪು ಜೋಡಿಸುವ ಫ್ಲ್ಯಾಂಜಿನ ಗ್ಯಾಸ್ಕೆಟ್ ಹಾರಿತು. ಬಾಯ್ಲರ್ ನೋಡಿಕೊಳ್ಳುವ ಕಾಕಾ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಿರಲಿಲ್ಲ ಅಂದರೆ ನನ್ನ ಮುಖ ಸುಡುತ್ತಿತ್ತು. ತಣ್ಣನೆಯ ಪೈಪಿನಲ್ಲಿ ಉಗಿ ನೀರಾಗಿ ತಳದಲ್ಲಿ ನಿಂತಿರುತ್ತದೆ. ಹಿಂದಿನಿಂದ ಸೆಕೆಂಡಿಗೆ 25, 30 ಮೀಟರ್ ವೇಗದಲ್ಲಿ ಬರುವ ಉಗಿ ಆ ನೀರನ್ನು ಎತ್ತಿ ಗುಂಡಿನ ಹಾಗೆ ಮುಂದಿನ ತಿರುವಿಗೆ ಬಡಿಯುತ್ತದೆ. ವಾಟರ್ ಹ್ಯಾಮರ್ ಅನ್ನುತ್ತಾರೆ. ನಾನು ಪರೀಕ್ಷೆಯಲ್ಲಿ ಅದರ ಬಗ್ಗೆ ಉತ್ತರ ಬರೆದಿದ್ದೆ. ಅಂಕವೂ ಬಂದಿತ್ತು.

ಕಾಕಾ ಬೈಯಲಿಲ್ಲ. ವಾಲ್ವ್ ಮುಚ್ಚಿ, ಲೈನಿನ ಕೆಳಗಿನ ಡ್ರೇನ್ ಒಂದೊಂದಾಗಿ ತೆಗೆದು, ನೀರು ಪೂರ್ತಿ ಬಿಟ್ಟು, ಮೇನ್ ವಾಲ್ವನ್ನು ಕೂದಲಷ್ಟು ತಿರುಗಿಸಿ ತೋರಿಸಿದರು. "ಹಳೂ ಹಳೂ, ಸಾಹೇಬ್." ಇಪ್ಪತ್ತು ನಿಮಿಷ ಹಿಡಿಯಿತು. ಅವರು ಹತ್ತನೇ ಕ್ಲಾಸೂ ಓದಿರಲಿಲ್ಲ, ಆದರೆ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಪಾಸಾಗಿದ್ದರು. ನಮ್ಮ ದೇಶದಲ್ಲಿ ಆ ಸರ್ಟಿಫಿಕೇಟ್ ಇಲ್ಲದವರ ಕೈಗೆ ಬಾಯ್ಲರ್ ಕೊಡುವ ಹಾಗಿಲ್ಲ. 1863ರಲ್ಲಿ ಕಲ್ಕತ್ತಾದಲ್ಲಿ ಒಂದು ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ಬಂಗಾಳದಲ್ಲಿ ಮೊದಲ ಕಾನೂನು ಬಂತು. ಆಮೇಲೆ ಇಡೀ ದೇಶಕ್ಕೆ 1923ರ ಬಾಯ್ಲರ್ ಕಾಯ್ದೆ, 2025ರ ತನಕ ಅದೇ ನಡೆಯಿತು. ಆ ಸೋಮವಾರದ ತನಕ ನನಗೆ ಈ ಕಾಯ್ದೆ ಸುಮ್ನೆ ಒಂದು ಕಾಗದ. ಅವತ್ತಿನಿಂದ ಯಾವ ಜಾಗಕ್ಕೆ ಹೋದರೂ ಮೊದಲು ಬಾಯ್ಲರ್ ಮನೆಗೆ ಹೋಗಿ, ಅಲ್ಲಿರುವವರ ಜೊತೆ ಚಹಾ ಕುಡಿದು, ಆಮೇಲೆ ಮ್ಯಾನೇಜರ್ ಹತ್ತಿರ ಹೋಗುತ್ತೇನೆ.

ಚಹಾ ಆದ ಮೇಲೆ ನಡೆಯುವುದು. ಬಾಯ್ಲರ್‌ನಿಂದ ಹಿಡಿದು ಪೈಪು ಕೊನೆಯಾಗುವ ತನಕ. ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಥರ್ಮಾಮೀಟರ್, ಒಂದು ಉದ್ದನೆಯ ಸ್ಕ್ರೂಡ್ರೈವರ್. ಸ್ಕ್ರೂಡ್ರೈವರಿನ ತುದಿಯನ್ನು ಟ್ರ್ಯಾಪಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನದೆಲ್ಲ ಕೇಳುತ್ತದೆ. ಟ್ರ್ಯಾಪ್ ಅಂದರೆ ನೀರನ್ನು ಹೊರಗೆ ಬಿಟ್ಟು ಉಗಿಯನ್ನು ಒಳಗೇ ಹಿಡಿದಿಡುವ ಸಾಧನ. ಬಿಲ್ಲೆ ಇರುವ ಟ್ರ್ಯಾಪ್ ಚೆನ್ನಾಗಿದ್ದರೆ ಟಿಕ್ ಅಂತ ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ತೆರೆಯುತ್ತದೆ. ಬಿಡದೆ ಸುಯ್ಯನೆ ಸದ್ದು ಬಂದರೆ ಉಗಿ ಹೋಗುತ್ತಿದೆ ಅಂತ. ಟ್ರ್ಯಾಪ್ ತಣ್ಣಗಿದ್ದರೆ ನೀರು ಹಿಂದೆ ನಿಂತಿದೆ ಅಂತ. 7 ಬಾರ್ ಒತ್ತಡದ ಲೈನಿನಲ್ಲಿ 3 ಮಿಲಿಮೀಟರ್ ತೂತು ಬಿದ್ದರೆ ಗಂಟೆಗೆ ಸುಮಾರು 25ರಿಂದ 30 ಕಿಲೋ ಉಗಿ ಗಾಳಿಗೆ ಹೋಗುತ್ತದೆ. ಆ ತೂತಿನ ಬಾಯಲ್ಲಿ ಮೊದಲ ಒಂದೆರಡು ಇಂಚು ಏನೂ ಕಾಣುವುದಿಲ್ಲ, ಆಮೇಲೆ ಬಿಳಿ ಏಳುತ್ತದೆ. ಅಜ್ಜ ಹೇಳಿದ್ದು ನಿಜ. ಕಾಣದ ಆ ಒಂದೆರಡು ಇಂಚೇ ಉಗಿ.

ಮೂರು ವರ್ಷ ಹೀಗೆ ಬಟ್ಟೆ, ರಬ್ಬರ್, ಬಣ್ಣದ ಕಾರ್ಖಾನೆಗಳಲ್ಲಿ ಕಳೆದೆ. ಆಮೇಲೆ ಪುಣೆ ಹೊರಗಿನ ಒಂದು ಡೇರಿಯಿಂದ ಕರೆ ಬಂತು. ಹಾಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಹೋಗಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡ್ ಅದೇ ಬಿಸಿಯಲ್ಲಿ ಇಡುತ್ತಾರೆ. ಒಂದು ಡಿಗ್ರಿ ಕಡಿಮೆಯಾದರೂ ಒಂದು ವಾಲ್ವ್ ತಾನಾಗಿ ಹಾಲನ್ನು ವಾಪಸ್ ಕಳಿಸುತ್ತದೆ, ಮತ್ತೆ ಕಾಯಲಿ ಅಂತ. ಆ ವಾಲ್ವ್ ಗಂಟೆಗೆ ಹತ್ತಾರು ಸಲ ತಿರುಗುತ್ತಿತ್ತು. ಹಾಲನ್ನು ಕಾಯಿಸುವ ನೀರು ಒಮ್ಮೆ ಜಾಸ್ತಿ ಬಿಸಿ, ಒಮ್ಮೆ ಕಡಿಮೆ. ಬಿಸಿಯನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸಿದ್ದರು. ನಾನೂ ಮೊದಲ ದಿನ ಕಂಟ್ರೋಲರ್ ಮುಂದೆಯೇ ಕೂತೆ. ಏನೂ ಸಿಗಲಿಲ್ಲ.

ಸಂಜೆ ಪಾಳಿಯ ಆಪರೇಟರ್ ನಿಪ್ಪಾಣಿ ಕಡೆಯ ಹುಡುಗ. ನಾನು ಹುಬ್ಬಳ್ಳಿ ಅಂತ ಗೊತ್ತಾದ ಮೇಲೆ ಕನ್ನಡದಲ್ಲಿ ಮಾತು ಶುರು ಮಾಡಿದ. "ಸರ್, ಹಾಲು ಜಾಸ್ತಿ ಬಂದಾಗ ಇದು ಏನೂ ತ್ರಾಸ ಕೊಡಂಗಿಲ್ರಿ. ಬ್ಯಾಸಗಿಯಾಗ ಹಾಲು ಕಡಿಮಿ ಆದಾಗ ಅಷ್ಟ ಹಿಂಗ ಮಾಡ್ತೈತಿ." ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ ಅಂದೆ. ಯಾರೂ ಕೇಳಲಿಲ್ಲರಿ ಅಂದ.

ಆ ಒಂದು ಮಾತಿನಿಂದ ಎಲ್ಲ ತಿಳಿಯಿತು. ಉಗಿಯಿಂದ ಆ ನೀರು ಕಾಯಿಸುವ ಎಕ್ಸ್‌ಚೇಂಜರಿನ ಕೆಳಗೆ ಟ್ರ್ಯಾಪ್ ಇತ್ತು. ಉಗಿ ತಣಿದು ಆದ ನೀರನ್ನು ಟ್ರ್ಯಾಪಿನಿಂದ ಹೊರಗೆ ಒಯ್ಯುವ ಪೈಪು ಗೋಡೆ ಹತ್ತಿ 5 ಮೀಟರ್ ಮೇಲೆ ಹೋಗುತ್ತಿತ್ತು. 5 ಮೀಟರ್ ನೀರು ಎತ್ತಬೇಕಾದರೆ ಸುಮಾರು ಅರ್ಧ ಬಾರ್ ಒತ್ತಡ ಬೇಕು. ಹಾಲು ಜಾಸ್ತಿ ಇದ್ದಾಗ ಉಗಿಯ ವಾಲ್ವ್ ಪೂರ್ತಿ ತೆರೆದಿರುತ್ತದೆ, ಒಳಗೆ ಒತ್ತಡ ಇರುತ್ತದೆ, ನೀರು ಮೇಲೆ ಹೋಗುತ್ತದೆ. ಹಾಲು ಕಡಿಮೆಯಾದಾಗ ಪ್ಲಾಂಟನ್ನು ನಿಧಾನ ಓಡಿಸುತ್ತಾರೆ. ಉಗಿ ಸ್ವಲ್ಪವೇ ಸಾಕು. ವಾಲ್ವ್ ಮುಚ್ಚುತ್ತಾ ಬರುತ್ತದೆ, ಒಳಗಿನ ಒತ್ತಡ ಅರ್ಧ ಬಾರ್‌ಗಿಂತ ಕೆಳಗೆ ಇಳಿಯುತ್ತದೆ. ನೀರು ಹತ್ತಲಾರದೆ ಎಕ್ಸ್‌ಚೇಂಜರಿನಲ್ಲೇ ನಿಲ್ಲುತ್ತದೆ. ಬಿಸಿ ಕಡಿಮೆಯಾಗುತ್ತದೆ. ಆಗ ವಾಲ್ವ್ ಗಾಬರಿಯಿಂದ ತೆರೆಯುತ್ತದೆ, ನೀರು ಒಮ್ಮೆಲೇ ಹೊರಗೆ, ಬಿಸಿ ಒಮ್ಮೆಲೇ ಮೇಲೆ. ಮತ್ತೆ ಅದೇ ಸುತ್ತು. ಎಕ್ಸ್‌ಚೇಂಜರಿನ ಕೆಳಗೆ ನೀರು ಎತ್ತುವ ಒಂದು ಚಿಕ್ಕ ಪಂಪ್ ಇಟ್ಟೆವು. ಕಂಟ್ರೋಲರಿನಲ್ಲಿ ದೋಷವೇ ಇರಲಿಲ್ಲ.

ಇಲ್ಲಿಂದ ನನಗೆ ಧೈರ್ಯ ಬಂತು. ಹಾಲಿನ ಶಾಸ್ತ್ರ ನನಗೆ ಗೊತ್ತಿಲ್ಲದಿದ್ದರೂ 72 ಯಾಕೆ, 15 ಯಾಕೆ ಅಂತ ಗೊತ್ತಿರುವವರು ಅಲ್ಲಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಪೈಪಿನೊಳಗಿನ ನೀರು. ಇಬ್ಬರೂ ಒಂದೇ ಮೇಜಿಗೆ ಬಂದು ಕೂತರೆ ಕೆಲಸ ಆಗುತ್ತದೆ. ಎಂಜಿನಿಯರ್ ಅಂದರೆ ಒಂದು ಬ್ರಾಂಚಿನವನು, ಬೇರೆ ಕಡೆ ಅವನಿಗೆ ಜಾಗ ಇಲ್ಲ ಅಂತ ಕಾಲೇಜಿನಲ್ಲಿ ತಿಳಿದಿದ್ದೆ. ಅದು ತಪ್ಪು ಅಂತ ನನಗೆ ತೋರಿಸಿದ್ದು ಆ ಡೇರಿ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಖಡಕ್‌ವಾಸ್ಲಾ ಅಣೆಕಟ್ಟಿಗೆ ಹೋದಾಗೆಲ್ಲ ನನಗೆ ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. ಅವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲೇ. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಪ್ರವಾಹ ಬಂದಾಗ ತಾನೇ ತೆರೆದು, ನೀರು ಇಳಿದಾಗ ತಾನೇ ಮುಚ್ಚುವ ಗೇಟುಗಳನ್ನು 1903ರಲ್ಲಿ ಇದೇ ಖಡಕ್‌ವಾಸ್ಲಾದಲ್ಲಿ ಹಾಕಿಸಿದರು. ಅವರ ಜೀವನ ನೋಡಿ. ಕಾಲುವೆ, ಊರಿನ ಕುಡಿಯುವ ನೀರು, ಚರಂಡಿ. 1908ರಲ್ಲಿ ಮೂಸಿ ನದಿ ಉಕ್ಕಿದ ಮೇಲೆ ಹೈದರಾಬಾದಿಗೆ ಪ್ರವಾಹದಿಂದ ರಕ್ಷಣೆಯ ಯೋಜನೆ. ಆಮೇಲೆ ಮೈಸೂರಿನಲ್ಲಿ ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣ. ಒಬ್ಬ ಸಿವಿಲ್ ಎಂಜಿನಿಯರ್ ಇಷ್ಟು ಕಡೆ ಕೈ ಹಾಕಿದ್ದು ನನಗೆ ಯಾವತ್ತೂ ಅಚ್ಚರಿ. ಮಕ್ಕಳಿಗೆ ಆ ಗೇಟಿನ ಕಥೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಗೋವಾದ ಒಂದು ಗೋಡಂಬಿ ಕಾರ್ಖಾನೆಗೂ ಹೋಗಿದ್ದೆ. ಬೀಜವನ್ನು ಉಗಿಯಲ್ಲಿ ಬೇಯಿಸಿ, ಆರಲು ಬಿಟ್ಟು, ಆಮೇಲೆ ಹೆಂಗಸರು ಕೂತು ಒಂದೊಂದಾಗಿ ಒಡೆಯುತ್ತಾರೆ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಬೀಜ ಸರಿಯಾಗಿ ಬೇಯದಿದ್ದರೆ ಸಿಪ್ಪೆ ಬಿಡುವುದಿಲ್ಲ, ಜಾಸ್ತಿ ಒತ್ತಬೇಕು, ಎಣ್ಣೆ ಕೈಗೆ ಹತ್ತುತ್ತದೆ. ಅಲ್ಲಿ ಹಾವೇರಿ ಕಡೆಯ ಒಬ್ಬ ಅಕ್ಕ ತಮ್ಮ ಬೆರಳು ತೋರಿಸಿದರು. "ಮುಂಜಾನೆ ಮೊದಲ ಬೇಯಿಸಿದ್ದು ಬಂದ ದಿನ ಹಿಂಗ ಆಗ್ತೈತ್ರಿ" ಅಂದರು. ರಾತ್ರಿಯೆಲ್ಲ ತಣ್ಣಗಿದ್ದ ಲೈನು, ಕುಕ್ಕರಿನ ತುಂಬಾ ಗಾಳಿ. ಮತ್ತೆ ಅದೇ ಇಡ್ಲಿ ಪೆಟ್ಟಿಗೆ. ಪೈಪಿಗೆ ಬಿಸಿ ಹೋಗದ ಹಾಗೆ ಲ್ಯಾಗಿಂಗ್ ಸುತ್ತಿಸಿ, ಲೈನಿನ ಕೊನೆಗೆ ಟ್ರ್ಯಾಪ್, ಕುಕ್ಕರಿಗೆ ಗಾಳಿ ಬಿಡುವ ವಾಲ್ವ್ ಹಾಕಿಸಿದೆವು. ಬೀಜ ಹಾಕುವ ಮೊದಲು ಹತ್ತು ನಿಮಿಷ ಖಾಲಿ ಕುಕ್ಕರಿನಲ್ಲಿ ಉಗಿ ಬಿಡಿ ಅಂತ ಹೇಳಿ ಬಂದೆ. ವರದಿಯಲ್ಲಿ ಉರುವಲು ಎಷ್ಟು ಉಳಿಯುತ್ತದೆ ಅಂತ ಬರೆದೆ, ಮಾಲೀಕರು ಕೇಳಿದ್ದು ಅದನ್ನೇ. ಆದರೆ ಅಲ್ಲಿಂದ ನಾನು ತಂದದ್ದು ಆ ಅಕ್ಕನ ಬೆರಳುಗಳ ನೆನಪು.

ಈಗ ಆಸ್ಪತ್ರೆ. ಹೆಸರು ಬೇಡ. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಆಟೋಕ್ಲೇವ್‌ನಲ್ಲಿ ಇಡುತ್ತಾರೆ. ಉಗಿಯಿಂದ ಕ್ರಿಮಿ ಕೊಲ್ಲುವ ದೊಡ್ಡ ಯಂತ್ರ. ಮೊದಲು ಪಂಪಿನಿಂದ ಒಳಗಿನ ಗಾಳಿ ಎಳೆದು, ಆಮೇಲೆ 134 ಡಿಗ್ರಿಯ ಉಗಿ ತುಂಬುತ್ತದೆ. ಗಾಳಿ ಪೂರ್ತಿ ಹೋಗಿದೆಯೇ ಅಂತ ನೋಡಲು ದಿನಾ ಬೆಳಿಗ್ಗೆ ಒಂದು ಪರೀಕ್ಷೆ. ಬೋವಿ ಮತ್ತು ಡಿಕ್ ಎಂಬ ಇಬ್ಬರು 1963ರಲ್ಲಿ ತಿಳಿಸಿದ ವಿಧಾನ. ಬಟ್ಟೆಯ ಕಟ್ಟಿನ ನಡುವೆ ಒಂದು ಹಾಳೆ ಇಡುತ್ತಾರೆ. ಉಗಿ ಎಲ್ಲ ಕಡೆ ಮುಟ್ಟಿದರೆ ಹಾಳೆಯ ಬಣ್ಣ ಒಂದೇ ಸಮ ಬದಲಾಗುತ್ತದೆ. ಗಾಳಿ ಉಳಿದರೆ ನಡುವೆ ತಿಳಿ ಕಲೆ.

ಎರಡು ವಾರದಿಂದ ಆಗಾಗ ಕಲೆ ಬರುತ್ತಿತ್ತು. ಗೇಜುಗಳೆಲ್ಲ ಸರಿ. ಇಲ್ಲಿ ಗೇಜನ್ನು ನಂಬುವಂತಿಲ್ಲ. ಪ್ರೆಶರ್ ಗೇಜ್ 1 ಬಾರ್ ತೋರಿಸಿದರೆ, ಒಳಗೆ ಶುದ್ಧ ಉಗಿ ಇದ್ದಾಗ ಸುಮಾರು 120 ಡಿಗ್ರಿ. ಅರ್ಧ ಗಾಳಿ, ಅರ್ಧ ಉಗಿ ಇದ್ದರೂ ಗೇಜ್ ಅದೇ 1 ಬಾರ್ ತೋರಿಸುತ್ತದೆ. ಬಿಸಿ ಮಾತ್ರ ಸುಮಾರು 100 ಡಿಗ್ರಿ. ಇಡ್ಲಿ ಬೆಂದೀತು, ಆದರೆ ಆ ಗಂಟಿನಲ್ಲಿ ಕ್ರಿಮಿ ಸಾಯುತ್ತದೆ ಅಂತ ಯಾರೂ ಹೇಳಲಾರರು. ಹೋಟೆಲಿನಲ್ಲಿ ತಪ್ಪಾದರೆ ಮೂರು ತಟ್ಟೆ ಹಿಟ್ಟು ಹೋಗುತ್ತದೆ. ಇಲ್ಲಿ ಒಬ್ಬರ ಹೊಟ್ಟೆಯ ಗಾಯ ಕೀವು ಕಟ್ಟುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ವಿಭಾಗ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬೆಳಗಾವಿಯವರು. ಕಲೆ ಬಂದ ದಿನ ಒಂದು ಗಂಟನ್ನೂ ಹೊರಗೆ ಬಿಡುತ್ತಿರಲಿಲ್ಲ. ಡಾಕ್ಟರ್‌ಗಳು ಸಿಟ್ಟಾದರೂ ಬಿಡುತ್ತಿರಲಿಲ್ಲ. ಆಪರೇಷನ್ ಮುಂದೆ ಹೋಗಲಿ, ಹಾಳೆ ಸರಿ ಬರುವ ತನಕ ಕೊಡುವುದಿಲ್ಲ ಅನ್ನುತ್ತಿದ್ದರು. ಅವರು ಪ್ರತಿ ಹಾಳೆಯನ್ನೂ ತಾರೀಖು ಬರೆದು ಫೈಲಿನಲ್ಲಿ ಇಟ್ಟಿದ್ದರು. ಯಂತ್ರದ ಕಂಪನಿಯವರು ಬಾಗಿಲಿನ ಗ್ಯಾಸ್ಕೆಟ್ ಬದಲಾಯಿಸಿ, ಸೋರಿಕೆ ಇಲ್ಲ ಅಂತ ಪರೀಕ್ಷಿಸಿ ಹೋಗಿದ್ದರು. ಅವರ ಕೆಲಸ ಸರಿಯಾಗಿಯೇ ಇತ್ತು. ಹಾಗಾದರೆ ಗಾಳಿ ಎಲ್ಲಿಂದ?

ಯಂತ್ರ ಬಿಟ್ಟು ಪೈಪು ಹಿಡಿದು ಹಿಂದಕ್ಕೆ ನಡೆದೆ. ನೆಲಮಾಳಿಗೆಯ ಬಾಯ್ಲರ್ ಮನೆ ತನಕ. ಬಾಯ್ಲರಿಗೆ ನೀರು ಕೊಡುವ ಟ್ಯಾಂಕಿನ ಮೇಲೆ ಕೈಯಿಟ್ಟೆ. ತಣ್ಣಗೆ. ಅಲ್ಲಿದ್ದ ಮಾಮಾ ಹೇಳಿದರು, ಮೂರು ವಾರದ ಹಿಂದೆ, ಉಗಿ ತಣಿದು ವಾಪಸ್ ಬರುವ ಬಿಸಿ ನೀರಿನ ಪೈಪು ಒಡೆಯಿತು, ರಿಪೇರಿ ಆಗುವ ತನಕ ಆ ನೀರನ್ನು ಚರಂಡಿಗೆ ಬಿಡುತ್ತಿದ್ದೇವೆ, ಟ್ಯಾಂಕಿಗೆ ಬರೀ ನಲ್ಲಿ ನೀರು. ಸಿಸ್ಟರ್ ಫೈಲು ತೆಗೆದು ನೋಡಿದರೆ ಮೊದಲ ಕಲೆ ಅದಾದ ಮೇಲೆಯೇ.

ತಣ್ಣನೆಯ ನೀರಿನಲ್ಲಿ ಗಾಳಿ ಕರಗಿರುತ್ತದೆ. ನೀರನ್ನು 80, 90 ಡಿಗ್ರಿಗೆ ಕಾಯಿಸಿದರೆ ಅದರ ಬಹುಪಾಲು ಟ್ಯಾಂಕಿನಲ್ಲೇ ಹೊರಗೆ ಹೋಗುತ್ತದೆ. ತಣ್ಣಗೇ ಬಾಯ್ಲರಿಗೆ ಹೋದರೆ ಆ ಗಾಳಿ ಉಗಿಯ ಜೊತೆ ಸೇರಿ ಬರುತ್ತದೆ. ಯುರೋಪಿನ ಮಾನದಂಡದ ಪ್ರಕಾರ, ಉಗಿಯನ್ನು ತಣಿಸಿದಾಗ ಸಿಗುವ ಪ್ರತಿ 100 ಮಿಲಿಲೀಟರ್ ನೀರಿಗೆ 3.5 ಮಿಲಿಲೀಟರ್‌ಗಿಂತ ಜಾಸ್ತಿ ಗಾಳಿ ಇರಬಾರದು. ನಾವು ಅಳೆದಾಗ ಅದನ್ನು ಮೀರಿತ್ತು. ಪಂಪು ಎಳೆದು ಗಾಳಿ ತೆಗೆದಷ್ಟೂ, ಹಿಂದಿನಿಂದ ಉಗಿಯೇ ಗಾಳಿಯನ್ನು ಹೊತ್ತು ತರುತ್ತಿತ್ತು.

ಒಡೆದ ಪೈಪನ್ನು ಎರಡು ದಿನದಲ್ಲಿ ಸರಿಮಾಡಿಸಿದೆವು. ಟ್ಯಾಂಕಿಗೆ ಉಗಿ ಬಿಟ್ಟು ನೀರನ್ನು 85 ಡಿಗ್ರಿಯಲ್ಲಿ ಇಡುವ ಏರ್ಪಾಡು ಮಾಡಿದೆವು. ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಸಿಸ್ಟರ್ ಕಟ್ಟು ಬಿಚ್ಚಿದರು. ಹಾಳೆ ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಅವರು ಏನೂ ಮಾತಾಡಲಿಲ್ಲ. ತಾರೀಖು ಬರೆದು ಫೈಲಿನಲ್ಲಿ ಇಟ್ಟು, ಮೊದಲ ಗಂಟುಗಳನ್ನು ಒಳಗೆ ಹಾಕಿದರು. ಪೈಪು ರಿಪೇರಿ ಮಾಡುವವರಿಗೂ ಆಪರೇಷನ್ ಥಿಯೇಟರಿಗೂ ಒಂದು ಸಂಬಂಧ ಇದೆ ಅಂತ ಆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಬಾಯ್ಲರ್ ಮನೆಯಲ್ಲಿ ಏನೇ ಬದಲಾದರೂ ಮೊದಲು ಸಿಸ್ಟರ್‌ಗೆ ಫೋನ್ ಹೋಗುತ್ತದೆ. ಆ ನಿಯಮ ಬರೆಸಿದ್ದು ನಾನು. ಪಂಪು, ಟ್ರ್ಯಾಪುಗಳಿಗಿಂತ ಅದು ದೊಡ್ಡ ಕೆಲಸ ಅಂತ ನನಗೆ ಅನಿಸುತ್ತದೆ.

ಮೊನ್ನೆ ಮುಳಶಿ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಗದಗಿನವನು, ಸಾಫ್ಟ್‌ವೇರ್ ಕೆಲಸ ಬಿಟ್ಟು ಅಣಬೆ ಬೆಳೆಯುತ್ತಿದ್ದಾನೆ. ಒಣಹುಲ್ಲನ್ನು ಡ್ರಮ್ಮಿನಲ್ಲಿ ತುಂಬಿ ಉಗಿ ಕೊಡುತ್ತಾನಂತೆ. ಒಂದು ಭಾಗದ ಹುಲ್ಲಿಗೆ ಯಾವಾಗಲೂ ಬೂಸಲು ಬರುತ್ತದೆ. "ಅಣ್ಣಾ, ನನಗ ಉಗಿ ಬಗ್ಗೆ ಏನೂ ಗೊತ್ತಿಲ್ಲ, ನಿಮಗ ಅಣಬಿ ಬಗ್ಗೆ ಗೊತ್ತೈತೇನ್ರಿ?" ಅಂದ. ಇಲ್ಲಪ್ಪ ಅಂದೆ. "ಮತ್ತ ಹೆಂಗ ಮಾಡೂದು?"

"ನೀನೀಗ ಡ್ರಮ್ಮಿನ ಹತ್ತಿರ ಹೋಗಿ ನಿಂತ್ಕೋ" ಅಂದೆ. ಅವನು ನಡೆಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. "ಉಗಿ ಯಾವ ಕಡೆಯಿಂದ ಒಳಗೆ ಬರ್ತದೆ, ಮೊದಲು ಅದನ್ನ ನೋಡಿ ಹೇಳು."